ಮೂವತ್ತೊಂದು ವರ್ಷದ ಸ್ಲೈಡು

ಮಸುಕು, ಇನ್ನೂ ಮಸುಕು, ಸೂಕ್ಷ್ಮದರ್ಶಕದ ತಿರುಪನ್ನು ಇನ್ನೊಂದಿಷ್ಟು ತಿರುಗಿಸಬೇಕು, ಗೋಡೆಯಾಚೆ ಸಭಾಂಗಣದಲ್ಲಿ ಕುರ್ಚಿ ಎಳೆಯುವ ಸದ್ದು — ಎಳೆಯಲಿ, ಕೂರಲಿ, ಇನ್ನೂರು ಜನ ವಿದ್ಯಾರ್ಥಿಗಳೂ ಬಂದು ಕಣ್ತುಂಬ ನೋಡಲಿ, ಒಂದೇ ಏಟಿನ ಮಾನ ಹೇಗೆ ಮೂರಾಬಟ್ಟೆಯಾಗುತ್ತದೆಂದು. ಒಂದೇ ಏಟು, ನಮ್ಮ ಸರ್ಜನ್ ಮಹಾಶಯರಿಗೆ ನಾವಿಟ್ಟ ಹೆಸರು, ಕತ್ತಿ ಹಿಡಿದರೆ ಎರಡನೆಯ ಯೋಚನೆಯೇ ಇಲ್ಲ, ಇವತ್ತು ಅವರಿಗೆ ಸನ್ಮಾನ, ಫೋಟೋ ಗೋಡೆಗೇರುತ್ತದಂತೆ, ನಾಲ್ಕು ಒಳ್ಳೆಯ ಮಾತಾಡಬೇಕಾದವಳು ನಾನಂತೆ, ಮೇಡಂ, ಪೆಥಾಲಜಿ ವಿಭಾಗ ಕಟ್ಟಿದವರು ನೀವು, ನೀವು ಮಾತಾಡಿದ್ರೇನೇ ಚೆಂದ ಅಂದರು ಪ್ರಿನ್ಸಿಪಾಲರು. ಆಡುತ್ತೇನೆ ಸ್ವಾಮಿ, ಆಡದೆ ಬಿಡುತ್ತೇನೆಯೇ! ಕಟ್ಟಿದವಳು ಹೌದು, ನಾನು ಬಂದಾಗ ವಿಭಾಗವೆಂದರೆ ಶವಾಗಾರದ ಪಕ್ಕದ ಉಗ್ರಾಣ, ಇದ್ದದ್ದೊಂದು ಸೂಕ್ಷ್ಮದರ್ಶಕ, ಅದರ ಗಾಜೂ ಸೀಳು, ಪಾಠ ಕಲಿಯಲು ಬಂದವರು ಏಳು ಜನ, ಅದರಲ್ಲಿ ಇಬ್ಬರು ವಾಸನೆಗೆ ಓಡಿಹೋದರು. ಹೃದಯ, ಪಿತ್ತಕೋಶ, ಗಡ್ಡೆ, ಎಲ್ಲವನ್ನೂ ಒಂದೊಂದೇ ಜಾಡಿಯಲ್ಲಿ ಫಾರ್ಮಲಿನ್ ತುಂಬಿ ಜೋಡಿಸಿದೆ, ಬೆನ್ನ ಹಿಂದೆ ಜಾಡಿಯಮ್ಮ ಅನ್ನುತ್ತಿದ್ದರು, ಅನ್ನಲಿ, ಮೂರು ಸಾವಿರ ಡಾಕ್ಟರುಗಳಿಗೆ ರೋಗದ ಮುಖ ತೋರಿಸಿದ್ದು ಈ ಜಾಡಿಯಮ್ಮನೇ.

ಆದರೆ ತಂಗಿಯ ಕಾಲು ಜಾಡಿಗೆ ಹಿಡಿಸಲಿಲ್ಲ. ಸೈಕಲ್ ಬಿಟ್ಟು ನೆಲಕ್ಕೆ ಕಾಲೂರದ ಹುಡುಗಿ, ಒಮ್ಮೆ ಬಿದ್ದಳು, ಎರಡು ತಿಂಗಳಾದ ಮೇಲೆ ಮೊಣಕಾಲ ಕೆಳಗೆ ಊತ, ಒಂದೇ ಏಟು ಮೂಳೆಯ ಚೂರೊಂದನ್ನು ತೆಗೆದು ಬಾಟಲಿಯಲ್ಲಿ ಕಳಿಸಿದರು, ಅದೇ ದಿನ ಗಾಡಿ ಹೊಡೆಯುವವನೊಬ್ಬನ ಮೂಳೆಯೂ ಬಂದಿತ್ತು, ಅದರಲ್ಲಿ ಕ್ಯಾನ್ಸರ್. ತಂಗಿಯದೂ ಕ್ಯಾನ್ಸರ್ ಎಂದು ಅಳುತ್ತಲೇ ನಾನು ಬರೆದೆ, ಅವರು ಕಾಲು ತೆಗೆದರು. ತೆಗೆದ ಕಾಲನ್ನು ನನ್ನ ಸಹಾಯಕ ಸೀಳಿ ನೋಡಿದರೆ ಕ್ಯಾನ್ಸರಿನ ಸುಳಿವೇ ಇಲ್ಲ! ಆಗಲೇ ಹೊಳೆಯಿತು ನನಗೆ, ಅವರ ಆಪರೇಷನ್ ಥಿಯೇಟರಿನವರು ಗಾಡಿಯವನ ಮೂಳೆಯನ್ನೇ ಎರಡು ಬಾಟಲಿಗೆ ಹಾಕಿದ್ದಾರೆ, ತಂಗಿಯದು ಕಸಕ್ಕೆ ಹೋಗಿದೆ. ಕೇಳಿದೆ, ತುಂಬಿದ ಸಭೆಯಲ್ಲಿ ಕೇಳಿದೆ, ಆ ಮನುಷ್ಯ ಕನ್ನಡಕ ಒರೆಸುತ್ತ, ಬರ್ದೋರು ನೀವು, ನನ್ನ ಗರಗಸ ನಿಮ್ಮ ಮಾತು ಕೇಳ್ತು ಅಷ್ಟೇ, ಅಳ್ತಾ ಅಳ್ತಾ ನೋಡಿದ್ರೆ ಮೈಕ್ರೋಸ್ಕೋಪಲ್ಲಿ ಏನಮ್ಮಾ ಕಾಣತ್ತೆ? ನಕ್ಕರು, ಎಲ್ಲರೂ ನಕ್ಕರು, ಆ ನಗು ಇನ್ನೂ ಕಿವಿಯಲ್ಲಿದೆ, ಆವತ್ತಿನಿಂದ ಪ್ರತಿ ವರ್ಷ ನನ್ನ ಮೊದಲ ಪಾಠ ಒಂದೇ, ಸರ್ಜನ್ ಕಳಿಸಿದ ಬಾಟಲಿಯನ್ನು ನಂಬಬೇಡಿ. ಮನೆಯಲ್ಲೂ ಅದೇ ಪಾಠ, ಊಟಕ್ಕೆ ಕೂತರೆ ಆ ಮನುಷ್ಯನಿಗೆ ಶಾಪ ಹಾಕಿಯೇ ತಂಗಿಯೂ ನಾನೂ ತಟ್ಟೆಗೆ ಕೈ ಹಾಕುವುದು. ಇವತ್ತು ಗಾಡಿಯವನ ಸ್ಲೈಡು ಒಂದು ಕಡೆ, ತಂಗಿಯದು ಇನ್ನೊಂದು ಕಡೆ, ಪರದೆಯ ಮೇಲೆ ಅಕ್ಕಪಕ್ಕ, ನೋಡ್ರಪ್ಪಾ, ಎರಡೂ ಒಬ್ಬನದೇ ಮೂಳೆ! ಮೂವತ್ತೊಂದು ವರ್ಷ ಡ್ರಾಯರಿನಲ್ಲಿ ಬೀಗ ಹಾಕಿಟ್ಟದ್ದು, ಮತ್ತೆ ನೋಡುವ ಧೈರ್ಯ ಬರಲಿಲ್ಲ, ಯಾಕೆ ಬೇಕಿತ್ತು, ಕಣ್ಣು ಮುಚ್ಚಿದರೆ ಕಾಣುತ್ತಿತ್ತಲ್ಲ.

ಹಾಂ, ಬಂತು, ತಂಗಿಯ ಹೆಸರಿನ ಸ್ಲೈಡು, ಈಗ ಸ್ಪಷ್ಟ — ಇದೇನಿದು, ಇದು ಗಾಡಿಯವನದಲ್ಲ, ಇದು ಎಳೆಯ ಮೂಳೆ, ಬಿದ್ದು ಬಿರುಕುಬಿಟ್ಟು ಕೂಡಿಕೊಳ್ಳುತ್ತಿರುವ ಮೂಳೆ, ಎಲ್ಲ ಕಡೆಯೂ ಅದೇ, ಅಂದರೆ ಇದು ಅವಳದೇ, ಬಾಟಲಿ ಸರಿಯಾಗಿಯೇ ಬಂದಿತ್ತು. ಹಾಗಾದರೆ ಕ್ಯಾನ್ಸರ್ ಎಲ್ಲಿ, ನಾನು ಕಂಡದ್ದು ಎಲ್ಲಿ, ಅಗೋ, ಅಂಚಿನಲ್ಲಿ ಒಂದು ಚೂರು, ಸುತ್ತಲೂ ಬಿಳಿ ಬಿಟ್ಟುಕೊಂಡು ಬೇರೆಯಾಗಿ ನಿಂತ ಚೂರು, ಮಿಕ್ಕದ್ದಕ್ಕಿಂತ ಒಂದು ಕೂದಲೆಳೆ ಮೇಲೆ. ಇದು ಬಾಟಲಿಯಲ್ಲಿ ಆದದ್ದಲ್ಲ, ಬಾಟಲಿಯಿಂದ ಬಂದಿದ್ದರೆ ಮೇಣದೊಳಗೆ ಎಲ್ಲದರ ಜೊತೆ ಒಂದೇ ಮಟ್ಟದಲ್ಲಿ ಕೂತಿರುತ್ತಿತ್ತು, ಇದು ನೀರಿನಲ್ಲಿ ಆದದ್ದು. ಮೇಣದಲ್ಲಿ ಹುದುಗಿದ ಮೂಳೆಯನ್ನು ತೆಳ್ಳಗೆ ಕೊಯ್ದು ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು ಗಾಜಿಗೆ ಎತ್ತಿಕೊಳ್ಳಬೇಕು, ಒಬ್ಬರದು ಮುಗಿದರೆ ಕಾಗದ ಎಳೆದು ನೀರನ್ನು ಒರೆಸಬೇಕು, ಇಲ್ಲವಾದರೆ ಹಿಂದಿನವರ ಚೂರು ಮುಂದಿನವರ ಗಾಜಿಗೆ ಅಂಟುತ್ತದೆ. ಆವತ್ತು ಕೊಯ್ದವರು ಯಾರು, ಅಯ್ಯೋ, ಸಹಾಯಕನನ್ನು ಆಚೆ ಕಳಿಸಿ, ನನ್ನ ತಂಗೀದು, ನಾನೇ ಮಾಡ್ತೀನಿ ಅಂದವಳು ನಾನು. ಗಾಡಿಯವನದು ಮೊದಲು, ಆಮೇಲೆ ತಂಗಿಯದು, ನಡುವೆ ಕಾಗದ ಎಳೆದೆನೇ, ಎಳೆದೆ, ಎಳೆದಿರಬೇಕು, ಇಲ್ಲ. ಆವತ್ತು ಅವನ ಚೂರು ಕಂಡದ್ದೇ ಎದೆ ಒಡೆದು ಕಣ್ಣು ಅಲ್ಲೇ ನಿಂತಿತು, ಪಕ್ಕಕ್ಕೆ ಒಂದು ಗೆರೆಯಷ್ಟೂ ನೋಡಲಿಲ್ಲ.

ಮೇಡಂ, ಐದು ನಿಮಿಷ ಅಂದರು ಯಾರೋ. ಇರಿ, ಇನ್ನೂ ಕೆಟ್ಟಿಲ್ಲ, ಚೂರನ್ನಷ್ಟೇ ದೊಡ್ಡದು ಮಾಡಿ ಪರದೆ ತುಂಬಿಸಿದರಾಯಿತು, ಸುತ್ತಲಿನದು ಯಾರಿಗೆ ಕಾಣಬೇಕು, ಎರಡೂ ಗಾಡಿಯವನದೇ ಎಂದರೆ ನನ್ನ ಶಿಷ್ಯರು ಎದುರಾಡುವರೇ, ಒಂದೇ ಏಟಿನ ಮುಖ ಸುಟ್ಟ ಬದನೆಕಾಯಿಯಂತಾಗುತ್ತದೆ, ಆಗಲಿ, ನಕ್ಕಿದ್ದಕ್ಕಾದರೂ ಆಗಬೇಡವೇ. ಬಾಗಿಲಲ್ಲಿ ಊರುಗೋಲಿನ ಟಕ್ ಟಕ್, ಸಿಕ್ತಾ ಅಕ್ಕಾ, ಹೊಸ ಬಟ್ಟೆ ಹಾಕ್ಕೊಂಡು ಬಂದಿದೀನಿ ನೋಡು, ಮುಂದಿನ ಸಾಲಲ್ಲೇ ಕೂತ್ಕೋತೀನಿ, ನನ್ನ ಕಾಲು ತಿಂದೋರನ್ನ ಇವತ್ತು ಬಿಡ್ಬೇಡ. ಬಿಡಲ್ಲ ಕಣೇ ಅನ್ನಬೇಕು, ತಲೆ ಎತ್ತಿದರೆ ಅವಳ ಮುಖ ನೋಡಬೇಕು, ಎತ್ತಲಾರೆ, ಅಕ್ಕಾ, ಏನ್ ಕಾಣ್ತಿದೆ ಅದ್ರಲ್ಲಿ, ಅಂಚಿನಲ್ಲಿ, ಸುತ್ತ ಬಿಳಿ, ಆ ಚೂರು, ನನ್ನ ನೀರಿನಿಂದ ಎದ್ದ ಚೂರು, ಆ ಚೂರು —