ಯೆಪ್ಪೆಯ ಹೆಸರಿದ್ದ ಮೂರು ಸಾಲು

ಬನ್ನನ್ನು ಹೀಗಾ ಕೊಯ್ಯುವುದು, ಸೌದೆ ಸೀಳಿದ ಹಾಗೆ, ಮೇಲಿನ ಗಸಗಸೆಯೆಲ್ಲ ಮೇಜಿನ ಪಾಲು, ಐವತ್ತೈದು ದಾಟಿದ ಗಂಡಸು, ನಗರಸಭೆಗೆ ಪ್ರೋಗ್ರಾಂ ಬರೆದುಕೊಡುವ ಒಂದು ಕಂಪನಿಯ ಯಜಮಾನ, ಈ ಪ್ರೆಬೆನ್‌ಗೆ ಒಂದು ಬನ್ನನ್ನು ನೆಟ್ಟಗೆ ಎರಡು ಮಾಡಲು ಬರುವುದಿಲ್ಲ — ಬೋದಿಲ್ ತನ್ನ ತಟ್ಟೆಯನ್ನು ಈಚೆಗೆ ಎಳೆದುಕೊಂಡಳು, ಶುಕ್ರವಾರದ ಈ ತಿಂಡಿಯೆಂದರೆ ಅವಳಿಗೆ ಮೊದಲಿನಿಂದಲೂ ಆಗದು, ಸರದಿಯಲ್ಲಿ ಬನ್ನು ತರುವುದು, ಹಗಲಲ್ಲೇ ಮೇಣದಬತ್ತಿ ಹಚ್ಚುವುದು, ಬೆಣ್ಣೆಯ ಮೇಲೆ ಚಾಕಲೇಟಿನ ತೆಳು ಹಾಳೆ ಇಟ್ಟುಕೊಂಡು ಮಕ್ಕಳ ಹಾಗೆ ಕಚ್ಚುವುದು, ಇಪ್ಪತ್ತು ವರ್ಷ ಇದನ್ನೇ ನೋಡಿದ್ದಾಯಿತು, ಇವತ್ತಂತೂ ಯಾರ ಗಂಟಲಲ್ಲೂ ಇಳಿಯುತ್ತಿಲ್ಲ, ಆದರೂ ತಿನ್ನುತ್ತಿದ್ದಾರೆ, ಎದ್ದು ಹೋಗುವ ಧೈರ್ಯ ಒಬ್ಬರಿಗೂ ಇಲ್ಲ. ಹತ್ತು ನಿಮಿಷದ ಹಿಂದೆ ಫೋನು, ನಗರಸಭೆಯ ಗುಡ್ರುನ್, ಪ್ರೆಬೆನ್ ಅದನ್ನು ಎಲ್ಲರಿಗೂ ಕೇಳುವಂತೆ ಬೆಣ್ಣೆಯ ಪಕ್ಕದಲ್ಲೇ ಇಟ್ಟ, ಜಾಣ — ನಲವತ್ತೊಂದು ಮನೆಗೆ ಪತ್ರ ಹೋಗಿದೆ ಕಣೋ ಪ್ರೆಬೆನ್, ನಿಮ್ಮ ಪ್ರೋಗ್ರಾಮಿನಿಂದ, ನಮ್ಮ ಹೆಸ್ರಲ್ಲಿ, ನಿಮಗೆ ಕೊಟ್ಟಿದ್ದ ಆಸ್ಪತ್ರೆ ಮಂಚದ ಅಗತ್ಯ ಮುಗಿದಿದೆ, ಶುಕ್ರವಾರ ಏಳು ಗಂಟೆಗೆ ವ್ಯಾನು ಬರುತ್ತೆ, ತೊಳೆದು ಒರೆಸಿಡಿ ಅಂತ, ಆ ಮಂಚಗಳ ಮೇಲೆ ಜನ ಇನ್ನೂ ಮಲಗಿದ್ದಾರೆ ಮಾರಾಯ. ನಲವತ್ತು ಮನೆಯವರು ಫೋನು ಮಾಡಿ ಬೈದರಂತೆ, ಬೈಯಲಿ, ಬಾಯಿರುವುದು ಯಾತಕ್ಕೆ. ಒಬ್ಬಳು ಬೈಯಲಿಲ್ಲ. ಎಂಬತ್ತೆರಡು ವರ್ಷದ ಮುದುಕಿ, ಹಳ್ಳಿ ಕಡೆಯವಳು, ನಸುಕಿನಲ್ಲೇ ಎದ್ದು ಗಂಡನನ್ನು ಮಂಚದಿಂದ ಇಳಿಸಿದ್ದಾಳೆ, ಲಕ್ವ ಹೊಡೆದ ಮನುಷ್ಯ, ಹೇಗೆ ಇಳಿಸಿದಳೋ ದೇವರಿಗೇ ಗೊತ್ತು, ಅಡುಗೆಮನೆಯ ಕುರ್ಚಿಯಲ್ಲಿ ಕೂರಿಸಿ, ಬೀಳಬಾರದೆಂದು ತನ್ನ ಸ್ನಾನದ ನಿಲುವಂಗಿಯ ಪಟ್ಟಿ ಬಿಚ್ಚಿ ಅವನ ಎದೆಗೆ ಸುತ್ತಿ ಕುರ್ಚಿಗೆ ಕಟ್ಟಿ, ಮಂಚ ತೊಳೆದು, ಕಾದಿದ್ದಾಳೆ. ವ್ಯಾನಿನವರು ಬಂದಾಗ ಕ್ಷಮೆ ಬೇರೆ ಕೇಳಿದಳಂತೆ, ಒಂದು ಗಾಲಿಯ ಸಂದಿ ಸರಿಯಾಗಿ ಒಣಗಿಲ್ಲ ಎಂದು. ಅವರೇ ಗಂಟು ಬಿಚ್ಚಿ ಅವನನ್ನು ಎತ್ತಿ ಮತ್ತೆ ಮಲಗಿಸಿ ಬಂದರಂತೆ. ಹಳದಿ ಪಟ್ಟಿ, ಗುಡ್ರುನ್ ಅದನ್ನೂ ಹೇಳಿದಳು, ಪಟ್ಟಿಯ ಬಣ್ಣ ಯಾರಿಗೆ ಬೇಕಿತ್ತು.

ಅಂಥ ವಿಧೇಯತೆಯೂ ಒಂದು ರೋಗವೇ, ಕಣ್ಣೆದುರು ಗಂಡ ಉಸಿರಾಡುತ್ತಿದ್ದಾನೆ, ಅಗತ್ಯ ಮುಗಿದಿದೆ ಅನ್ನುತ್ತದೆ ಪತ್ರ, ಇವಳು ಪತ್ರವನ್ನು ನಂಬುತ್ತಾಳೆ — ಬೋದಿಲ್ ತನ್ನ ತಿರಸ್ಕಾರವನ್ನು ಆ ಮುದುಕಿಯ ಮೇಲೂ ಒಂದಿಷ್ಟು ಸುರಿಯಲು ನೋಡಿದಳು, ಹತ್ತಲಿಲ್ಲ, ಸರಿ, ಯೆಪ್ಪೆಯ ಕಡೆಗೇ ತಿರುಗಿಸಿದಳು, ಅವನಾದರೆ ಸುಲಭ. ಮೇಜಿನ ತುದಿಯಲ್ಲಿ ಕೂತಿದ್ದಾನೆ, ಮೂವತ್ತೆಂಟು ವರ್ಷ, ಉಣ್ಣೆ ಟೋಪಿಯನ್ನು ಒಳಗೆ ಬಂದರೂ ತೆಗೆಯದವನು, ಬುಧವಾರ ಇವನೇ ಅಲ್ಲವೇ ಹಳ್ಳಿಗಳ ಪಿನ್‌ಕೋಡ್ ತಿದ್ದಿದ್ದು, ಎಲ್ಲ ದಾಖಲೆಗಳನ್ನೂ ಒಂದೇ ಆಜ್ಞೆಯಲ್ಲಿ ನೇರವಾಗಿ ಬದಲಿಸಿದ್ದರೆ ಏನೂ ಆಗುತ್ತಿರಲಿಲ್ಲ, ಇವನು ಒಂದೊಂದನ್ನೇ ತೆರೆದು ತಿದ್ದಿ ಸೇವ್ ಮಾಡುವ ಹಾಗೆ ಬರೆದ, ಹಾಗೇ ಮಾಡಬೇಕಂತೆ, ಅದೇ ಅಚ್ಚುಕಟ್ಟಂತೆ, ಸೇವ್ ಆದ ಕೂಡಲೇ ಅದರ ಬೆನ್ನಿಗೆ ಏನೇನು ಎದ್ದು ಓಡುತ್ತದೆ ಎಂದು ನೋಡುವ ಬುದ್ಧಿ ಬೇಡವೇ. ಎದ್ದು ಓಡಿದ್ದು ಸೇವ್‌ಗೆ ಗಂಟುಹಾಕಿದ್ದ ಕೋಡಿನ ಒಂದು ತುಣುಕು, ಮೂರೇ ಸಾಲು, ದಾಖಲೆ ಸೇವ್ ಆದಾಗ ಮಂಚ ಕೊಟ್ಟು ಮೂರು ವರ್ಷ ಮೀರಿದ್ದರೆ ಮನೆಗೆ ಪತ್ರ ಕಳಿಸು, ವ್ಯಾನಿಗೆ ಹೇಳು. ಆಗೆಲ್ಲ ಮಂಚವನ್ನು ಮೂರು ವರ್ಷಕ್ಕೆ ಮಾತ್ರ ಕೊಡುತ್ತಿದ್ದರು, ಆಮೇಲೆ ಆ ನಿಯಮ ಹೋಯಿತು, ತುಣುಕು ಉಳಿಯಿತು, ಹಳೆಯ ದಾಖಲೆಗಳನ್ನು ಯಾರೂ ಮುಟ್ಟುತ್ತಿರಲಿಲ್ಲವಾದ್ದರಿಂದ ಸುಮ್ಮನೆ ಮಲಗಿತ್ತು. ಯಾರು ಬರ್ದಿದ್ದು ಇದನ್ನ, ಎಂದ ಪ್ರೆಬೆನ್, ಲ್ಯಾಪ್‌ಟಾಪನ್ನು ಗಸಗಸೆಯ ಮೇಲೇ ಇಟ್ಟು ತೆರೆದ, ಪ್ರತಿ ಸಾಲಿನ ಪಕ್ಕ ಅದನ್ನು ಕೊನೆಗೆ ಮುಟ್ಟಿದವರ ಹೆಸರು ಬರುತ್ತದೆ, ಯೆಪ್ಪೆ, ಯೆಪ್ಪೆ, ಯೆಪ್ಪೆ. ಎಲ್ಲರೂ ಅವನನ್ನು ನೋಡಿದರು, ಕತ್ತೆಗಳು, ಒಬ್ಬರಿಗಾದರೂ ತೋಚಬೇಡವೇ, ಎರಡು ವರ್ಷದ ಹಿಂದೆ ಇವನು ಕೋಡನ್ನೆಲ್ಲ ಒಪ್ಪ ಮಾಡುತ್ತೇನೆಂದು ಹೊರಟು ಎಲ್ಲ ಸಾಲುಗಳ ಮುಂದಿನ ಖಾಲಿ ಜಾಗ ಸರಿಪಡಿಸಿದ್ದ, ಅಕ್ಷರ ಒಂದೂ ಬರೆದಿರಲಿಲ್ಲ, ಜಾಗ ಸರಿಸಿದ್ದಕ್ಕೇ ಅವನ ಹೆಸರು ಮೇಲೆ ಬಂದು ಕೂತಿತು, ಅಡಿಯಲ್ಲಿದ್ದ ಹೆಸರು ಮುಚ್ಚಿಹೋಯಿತು. ಒಂದು ಗುಂಡಿ ಒತ್ತಿ ಹಿಂದಕ್ಕೆ ಹೋದರೆ ಕಾಣುತ್ತದೆ, ಅಷ್ಟೂ ಹೊಳೆಯುವುದಿಲ್ಲ ಇವರಿಗೆ. ಅಡಿಯಲ್ಲಿರುವುದು ಬೋದಿಲ್. ಹನ್ನೊಂದು ವರ್ಷದ ಹಿಂದಿನ ಒಂದು ಮಧ್ಯಾಹ್ನ, ಅರ್ಧ ಗಂಟೆಯ ಕೆಲಸ, ಆಗ ಎಷ್ಟು ಹೆಮ್ಮೆಪಟ್ಟಿದ್ದಳು, ಮೂರೇ ಸಾಲು ನೋಡು ಎಂದು, ನಿಯಮ ಬದಲಾದಾಗ ಅದನ್ನ ತೆಗ್ದುಬಿಡ್ತೀಯಾ ಬೋದಿಲ್ ಎಂದು ಪ್ರೆಬೆನ್ ಕೇಳಿದ್ದೂ ಉಂಟು, ಈಗ ಮರೆತಿದ್ದಾನೆ, ಮರೆಯುವುದರಲ್ಲಿ ಅವನು ಪಂಡಿತ, ಅವಳು ಏನೆಂದಿದ್ದಳು — ಆ ಹಳೇ ದಾಖಲೆ ಯಾರು ಮುಟ್ತಾರೆ ಬಿಡು, ಮುಟ್ಟೋವಂಥ ಪೆದ್ದ ನಮ್ಮಲ್ಲಿ ಯಾರಿದ್ದಾನೆ.

ಪೆದ್ದ ಈಗ ಬಾಯಿ ತೆರೆದ. ನಾನೇ ಬರ್ದಿರ್ಬೇಕು, ನೆನಪಿಗೆ ಬರ್ತಿಲ್ಲ, ಆದ್ರೆ ಹೆಸ್ರು ನಂದೇ ಇದೆಯಲ್ಲ, ಎಂದ ಯೆಪ್ಪೆ. ಅಯ್ಯೋ ದಡ್ಡ, ಹನ್ನೊಂದು ವರ್ಷದ ಹಿಂದೆ ನೀನು ಈ ಕಂಪನಿಯಲ್ಲೇ ಇರಲಿಲ್ಲವಲ್ಲೋ, ನೆನಪಿಗೆ ಬರುವುದಾದರೂ ಹೇಗೆ, ಪರದೆ ಹೇಳಿತೆಂದರೆ ಮುಗಿಯಿತು, ತನ್ನ ತಲೆಯನ್ನೇ ನಂಬದ ಪ್ರಾಣಿ, ಪತ್ರವನ್ನು ನಂಬಿ ಗಂಡನನ್ನು ಕಟ್ಟಿಹಾಕಿದ ಮುದುಕಿ — ಬೇಡ, ಆ ಕಡೆ ಹೋಗುವುದು ಬೇಡ, ಕಾಫಿ ಆರಿದೆ, ಕಾಫಿ ಕುಡಿ. ಪ್ರೆಬೆನ್ ಟೈಪು ಮಾಡುತ್ತಲೇ ಮಾತಾಡಿದ, ಹತ್ತು ಗಂಟೆಯೊಳಗೆ ನಗರಸಭೆಗೆ ಬರ್ದು ಕೊಡ್ಬೇಕು, ಇದು ಯಾರಿಂದ ಆಯ್ತು ಅಂತ, ಆ ಮನುಷ್ಯ ಇನ್ಮೇಲೆ ಅವ್ರ ಪ್ರೋಗ್ರಾಂ ಮುಟ್ಟಕೂಡದಂತೆ, ನಿಂಗೆ ಕೊಡೋಕೆ ನನ್ನ ಹತ್ರ ಬೇರೆ ಕೆಲ್ಸ ಇಲ್ಲ ಯೆಪ್ಪೆ, ನಿಂಗೂ ಗೊತ್ತಲ್ಲ. ಗೊತ್ತು, ಎಂದ ಅವನು, ಆಮೇಲೆ, ಎಡವಟ್ಟು ಮಾಡಿದವರು ಎಲ್ಲರಿಗೂ ಕೇಕು ತರುವುದು ಈ ಆಫೀಸಿನ ಪದ್ಧತಿಯಾದ್ದರಿಂದ, ಸೋಮವಾರ ಕೇಕ್ ತಂದೇ ಹೋಗ್ತೀನಿ ಹಾಗಾದ್ರೆ, ಎಂದು ಅರ್ಧ ನಕ್ಕ. ಹೇಳು, ಈಗಲೇ ಹೇಳು, ಅದು ನಂದು ಅಂತ ಎರಡೇ ಮಾತು, ಬೋದಿಲ್‌ಳ ನಾಲಿಗೆ ಹಲ್ಲಿನ ತನಕ ಬಂತು, ಅಲ್ಲೇ ನಿಂತಿತು, ಐವತ್ತೆಂಟು ವರ್ಷದವಳನ್ನು ಇಲ್ಲಿಂದ ಬಿಟ್ಟರೆ ಯಾರು ಕರೆಯುತ್ತಾರೆ, ಅದಲ್ಲ, ಸುಳ್ಳು ಹೇಳಬೇಡ, ಅದಲ್ಲ ಕಾರಣ, ಇಪ್ಪತ್ತು ವರ್ಷ ಎಲ್ಲರ ಕೇಕು ತಿಂದಿದ್ದಾಳೆ, ಪ್ರತಿ ತುಂಡಿಗೂ ಒಂದು ಕೊಂಕು ಸೇರಿಸಿ ತಿಂದಿದ್ದಾಳೆ, ಒಮ್ಮೆಯೂ ತಂದವಳಲ್ಲ, ಅದು. ಬೋದಿಲ್, ನೀನೊಂದ್ಸಲ ನೋಡು, ನಿನ್ನ ಕಣ್ಣು ತಪ್ಪಿಸಿ ಏನೂ ಹೋಗಲ್ಲ, ಎಂದು ಪ್ರೆಬೆನ್ ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ. ಓದಿದಳು. ನಾಲ್ಕು ವಾಕ್ಯ, ಎರಡನೆಯದರಲ್ಲಿ ಯೆಪ್ಪೆಯ ಪೂರ್ತಿ ಹೆಸರು, ಮೂರನೆಯದರಲ್ಲಿ ಒಂದು ಅಲ್ಪವಿರಾಮ ಬಿಟ್ಟುಹೋಗಿದೆ, ಬೆರಳು ತಾನಾಗಿ ಹೋಗಿ ಅದನ್ನು ಹಾಕಿತು. ಸರಿಯಿದೆ, ಎಂದಳು. ದನಿ ದಿನಾ ಇರುವ ಹಾಗೇ ಇತ್ತು. ಪ್ರೆಬೆನ್ ಕಳಿಸಿದ. ಥ್ಯಾಂಕ್ಸ್ ಬೋದಿಲ್, ಎಂದ ಯೆಪ್ಪೆ ಮೇಜಿನ ತುದಿಯಿಂದ, ಮನಸಾರೆ ಎಂದ, ಟೋಪಿ ತೆಗೆದು ಮೊಣಕಾಲಿನ ಮೇಲೆ ಇಟ್ಟುಕೊಂಡಿದ್ದ. ಬೈಯಲು ಯಾರಾದರೂ ಬೇಕಿತ್ತು, ಪ್ರೆಬೆನ್ ಇದ್ದ, ಯೆಪ್ಪೆ ಇದ್ದ, ಕೂತವರೆಲ್ಲ ಇದ್ದರು, ಯಾರ ಮೇಲೂ ಒಂದು ಬೈಗುಳ ಹುಟ್ಟಲಿಲ್ಲ, ನಾಚಿಕೆ ಮಾತ್ರ ಬಂತು, ಕಿವಿ ಸುಡುವಷ್ಟು, ಬನ್ನನ್ನು ಬಾಯಿಗಿಟ್ಟಳು, ಕಣ್ಣ ಮುಂದೆ ಅವಳು ಎಂದೂ ನೋಡದ ಒಂದು ಅಡುಗೆಮನೆ, ಮುದುಕಿ ಕುರ್ಚಿಯ ಹಿಂದೆ ಬಗ್ಗಿದ್ದಾಳೆ, ಹಳದಿ ಪಟ್ಟಿ ಎಳೆಯುತ್ತಾಳೆ, ಒಂದು ಗಂಟು, ಅದರ ಮೇಲೆ ಇನ್ನೊಂದು, ಬಿಗಿಯಾಯ್ತಾ ಎಂದು ಕೇಳುತ್ತಾಳೆ, ಇಲ್ಲವೆಂದು ಅವನು ತಲೆಯಾಡಿಸುತ್ತಾನೆ, ಹಳದಿ ಪಟ್ಟಿ, ಬಿಗಿಯಾಯ್ತಾ, ಇಲ್ಲ, ಹಳದಿ ಪಟ್ಟಿ