ಕಾಲರಿನೊಳಗಿನ ಲೇಬಲ್

ಮಕ್ಕಳ ಕೈಯಲ್ಲಿ ಫೋನು ಕಂಡರೆ ಬೈಯದ ಅಪ್ಪ ಯಾರಿದ್ದಾರೆ? ನಾನೂ ಬೈದವನೇ. ಆದರೆ ಫೋನಿನಿಂದ ನಮ್ಮ ಮನೆಗೆ ಬಂದ ತಾಪತ್ರಯಕ್ಕೆ ಹೆಚ್ಚಿನ ಕಾರಣ ಮಗಳಲ್ಲ, ನಾನು. ಅದನ್ನು ನಾನೇ ಹೇಳಿಬಿಡುತ್ತೇನೆ, ಇನ್ನೊಬ್ಬರ ಬಾಯಲ್ಲಿ ಕೇಳುವುದು ಬೇಡ.

ನಾನು ಟೈಲರ್. ಬೀದಿಯವರೆಲ್ಲ ಮಾಸ್ಟ್ರು ಅನ್ನುತ್ತಾರೆ. ಕೈ ನಿಧಾನ, ಕೋಪ ಮಾತ್ರ ಮೂಗಿನ ತುದಿಯಲ್ಲೇ. ಮಗಳನ್ನು ನಾವು ಕರೆಯುವುದು ಚುಕ್ಕಿ ಎಂದು. ಚಿಕ್ಕವಳಿದ್ದಾಗ ನನ್ನ ಗುರುತು ಹಾಕುವ ಚಾಕ್ ಕದ್ದು ಗೋಡೆ ತುಂಬ ಚುಕ್ಕಿ ಇಡುತ್ತಿದ್ದಳು. ಈಗ ಹದಿನೇಳು ವರ್ಷ. ಬಟ್ಟೆ ಕತ್ತರಿಸುವ ಮೇಜಿನ ಮೂಲೆಯಲ್ಲಿ ಕೂತು ಫೋನಿನ ಮೇಲೆ ಬೆರಳಲ್ಲೇ ಚಿತ್ರ ಬಿಡಿಸುತ್ತಾಳೆ. ಚಿತ್ರಗಾರರು ತಮ್ಮ ಕೆಲಸ ತೋರಿಸುವ ಒಂದು ಆನ್‌ಲೈನ್ ತಾಣದಲ್ಲಿ ಅವಳಿಗೊಂದು ಪುಟ ಇದೆ. ಎರಡು ವರ್ಷದ ಚಿತ್ರಗಳೆಲ್ಲ ಅಲ್ಲಿವೆ. ಮಾತು ಕಡಿಮೆಯ ಹುಡುಗಿ. ಅಲ್ಲಿ ಯಾರಾದರೂ ‘ಚೆನ್ನಾಗಿದೆ’ ಎಂದು ಬರೆದರೆ ಇಡೀ ದಿನ ಗುನುಗುತ್ತಿರುತ್ತಾಳೆ.

ಒಮ್ಮೆ ನಮ್ಮ ಹೊಲಿಗೆ ಯಂತ್ರದ ಮೇಲೆ ಮಲಗಿದ ಬೆಕ್ಕಿನ ಚಿತ್ರ ಹಾಕಿದಳು. ಮೂರೇ ದಿನಕ್ಕೆ ತಾಣದಿಂದ ಪತ್ರ ಬಂತು. ಆ ಬೆಕ್ಕು ಇನ್ನೊಬ್ಬ ಚಿತ್ರಗಾರ್ತಿಯದು, ಅದನ್ನು ಕೆಳಗಿಟ್ಟು ಮೇಲೆ ಗೆರೆ ಎಳೆದು ನಕಲು ಮಾಡಿದ್ದೀರಿ, ಆಕೆಯ ಒಪ್ಪಿಗೆಯೂ ಇಲ್ಲ, ಹೆಸರೂ ಇಲ್ಲ, ಚಿತ್ರ ತೆಗೆದಿದ್ದೇವೆ, ಇದು ಮೊದಲ ಎಚ್ಚರಿಕೆ ಎಂದಿತ್ತು. ಚುಕ್ಕಿ ತಲೆ ತಗ್ಗಿಸಿ ಒಳಗೆ ಹೋದಳು.

ನಾನು ಕೆಂಡಾಮಂಡಲವಾದೆ. ಗೆರೆ ಎಳೆಯುವುದನ್ನು ಅವಳಿಗೆ ಕಲಿಸಿದವನೇ ನಾನು. ಅಳತೆಯ ಅಂಗಿ ಕೆಳಗಿಡು, ಸುತ್ತ ಚಾಕ್ ಎಳೆ, ಕತ್ತರಿಸು. ನಮ್ಮಲ್ಲಿ ಎಲ್ಲರೂ ಕಲಿಯುವುದು ಹಾಗೆಯೇ. ಅದಕ್ಕೆ ಕಳ್ಳತನದ ಹೆಸರೇ? ಅವಳು ಸ್ನಾನಕ್ಕೆ ಹೋದಾಗ ಅವಳ ಫೋನು ತೆಗೆದುಕೊಂಡು ಆ ಚಿತ್ರಗಾರ್ತಿಗೆ ನಾಲ್ಕು ಸಾಲು ಬರೆದೆ. ಎದುರಿಗೆ ನಿಂತಿದ್ದರೆ ನನ್ನ ಬಾಯಲ್ಲಿ ಬರುತ್ತಿರಲಿಲ್ಲ ಅಂಥ ಮಾತು. ಅಷ್ಟಕ್ಕೇ ಬಿಡಲಿಲ್ಲ. ಚುಕ್ಕಿಯ ಚಿತ್ರ ನೋಡಲೆಂದು ನಾನೇ ಆ ತಾಣಕ್ಕೆ ಸೇರಿಸಿದ್ದ ಹನ್ನೊಂದು ಜನ ಟೈಲರ್ ಗೆಳೆಯರಿಗೆ, ಆಕೆಯ ಪುಟದ ಮೇಲೆ ಎಲ್ಲರೂ ದೂರಿನ ಗುಂಡಿ ಒತ್ತಿ ಎಂದೆ. ಪಾಪ, ಏನು ಎತ್ತ ಎಂದು ಒಬ್ಬನೂ ಕೇಳಲಿಲ್ಲ. ಒತ್ತಿದರು.

ಮರುದಿನ ಎರಡನೇ ಪತ್ರ. ನಿಮ್ಮ ಪುಟದಿಂದ ಬೈಗುಳ ಹೋಗಿದೆ, ನಿಮ್ಮ ಕಡೆಯವರಿಂದ ಗುಂಪಾಗಿ ಸುಳ್ಳು ದೂರು ಬಂದಿದೆ, ಪುಟವನ್ನು ತಡೆಹಿಡಿದಿದ್ದೇವೆ, ಮೂರು ದಿನದೊಳಗೆ ವಿವರಣೆ ಕೊಡದಿದ್ದರೆ ಶಾಶ್ವತವಾಗಿ ಮುಚ್ಚುತ್ತೇವೆ.

"ಅಪ್ಪಾ, ನಾನು ಏನೂ ಬರೆದಿಲ್ಲ. ಯಾರೋ ನನ್ನ ಪುಟಕ್ಕೆ ನುಗ್ಗಿದ್ದಾರೆ" ಅಂದಳು ಚುಕ್ಕಿ. ನಾನು ತಲೆ ಎತ್ತದೆ ಬಟ್ಟೆ ಕತ್ತರಿಸುತ್ತಲೇ ಇದ್ದೆ.

ಎದುರು ಸಾಲಿನ ಲೈಬ್ರರಿಯ ಅಕ್ಕ ಬಿಡುವಿದ್ದಾಗ ಅದೇ ತಾಣದಲ್ಲಿ ದೂರುಗಳನ್ನು ಪರಿಶೀಲಿಸುತ್ತಾರೆ, ಸಂಬಳವಿಲ್ಲದ ಕೆಲಸ. ಚುಕ್ಕಿ ನನ್ನನ್ನೂ ಎಳೆದುಕೊಂಡು ಅಲ್ಲಿಗೆ ಹೋದಳು. ಪರಿಚಯದವರ ದೂರನ್ನು ತಾನು ತೀರ್ಮಾನಿಸುವ ಹಾಗಿಲ್ಲ, ಅದು ಬೇರೆಯವರ ಕೈಗೆ ಹೋಗುತ್ತದೆ, ದಾರಿ ಮಾತ್ರ ಹೇಳಬಲ್ಲೆ ಎಂದು ಅಕ್ಕ ಮೊದಲೇ ಹೇಳಿಬಿಟ್ಟರು.

ನಾನು ಮೂಗು ಮುರಿದೆ. ಯಾವುದೋ ಯಂತ್ರ ಮುಚ್ಚು ಅನ್ನುತ್ತದೆ, ಮುಚ್ಚುತ್ತದೆ, ನಮ್ಮ ಮಾತು ಯಾರು ಕೇಳುತ್ತಾರೆ ಅಂದೆ.

"ಯಂತ್ರ ಅನುಮಾನ ಹೇಳುತ್ತೆ ಅಷ್ಟೇ ಮಾಸ್ಟ್ರೇ. ಓದಿ ತೀರ್ಮಾನ ಮಾಡೋದು ಇಬ್ಬರು ಮನುಷ್ಯರು. ಅದಕ್ಕೇ ನಿಮಗೆ ಮೂರು ದಿನ ಕೊಟ್ಟಿರೋದು."

"ಅಳತೆ ಇಟ್ಟು ಗೆರೆ ಎಳೆಯೋದು ಕಳ್ಳತನ ಅಂದ್ರೆ ನಾವೆಲ್ಲ ಕಳ್ಳರೇ ಬಿಡಿ ಅಕ್ಕಾ."

ಅಕ್ಕ ಪುಸ್ತಕಕ್ಕೆ ಮುದ್ರೆ ಒತ್ತುವುದನ್ನು ನಿಲ್ಲಿಸಿದರು. "ಹೋದ ವರ್ಷ ಆ ಕೊನೇ ಅಂಗಡಿಯವರು ನೀವು ಹೊಲಿದ ಕೋಟಿನ ಕಾಲರಿಂದ ನಿಮ್ಮ ಲೇಬಲ್ ಕಿತ್ತು, ತಮ್ಮದು ಹಾಕಿ ಗಾಜಿನೊಳಗೆ ನೇತುಹಾಕಿದ್ರಲ್ಲ? ಅವತ್ತು ನಿಮ್ಮ ದನಿ ಇಲ್ಲೀವರೆಗೂ ಕೇಳಿಸ್ತಿತ್ತು. ಏನಂತ ಕೂಗ್ತಿದ್ರಿ?"

ನೆನಪಿತ್ತು. ಅಳತೆ ಬೇಕಾದರೆ ಕೇಳಿ ತಗೊಳ್ಳಿ, ನನ್ನ ಹೆಸರು ಯಾಕೆ ಕೀಳುತ್ತೀರಿ ಎಂದು ಕೂಗಿದ್ದೆ. ಎರಡು ದಿನ ಅನ್ನ ಸೇರಿರಲಿಲ್ಲ. ಕಲಿಯಲು ಗೆರೆ ಎಳೆದುಕೊಳ್ಳಲಿ, ಆದರೆ ಕೇಳದೆ, ಹೆಸರು ಹೇಳದೆ ತನ್ನದೆಂದು ತೋರಿಸಬಾರದು, ನಿಯಮ ಇಷ್ಟೇ ಅಂದರು ಅಕ್ಕ. ಆಮೇಲೆ ಚುಕ್ಕಿಯ ಫೋನಿನಲ್ಲಿ ಆ ಬೈಗುಳ ಓದತೊಡಗಿದರು. ಕೊನೆಯ ಸಾಲಿಗೆ ಬಂದು ದನಿ ತಗ್ಗಿಸಿದರು: "‘ಇದು ಕತ್ತರಿ ಹಿಡಿಯೋ ಕೈ, ಹುಷಾರು.’"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ನನ್ನ ಕೈ ತಾನಾಗಿ ಬೆನ್ನ ಹಿಂದೆ ಹೋಯಿತು. ಚುಕ್ಕಿ ಅದನ್ನು ನೋಡಿದಳು. ‘ಯಾರೋ ನುಗ್ಗಿದ್ದಾರೆ’ ಎಂದು ವಿವರಣೆ ಕಳಿಸಲು ಬಿಟ್ಟಿದ್ದರೆ ನಾನು ಬಚಾವಾಗುತ್ತಿದ್ದೆನೇನೋ. ಆದರೆ ಅವಳ ಮುಖ ನೋಡಿ ಆಗಲಿಲ್ಲ.

"ನಾನೇ ಬರೆದದ್ದು, ಮಗಾ" ಅಂದೆ.

ಅವಳು ಅಳಲಿಲ್ಲ. "ಎರಡು ವರ್ಷದಲ್ಲಿ ನಾನು ಅಲ್ಲಿ ಯಾರಿಗೂ ಒಂದು ಕೆಟ್ಟ ಮಾತು ಬರೆದಿರಲಿಲ್ಲ ಅಪ್ಪಾ" ಅಂದಳು. ನಾಚಿಕೆಯಿಂದ ಕುಗ್ಗಿಹೋದೆ.

ಅಲ್ಲೇ ಕೂತು ವಿವರಣೆ ಬರೆದೆವು. ಗೆರೆ ಎಳೆದದ್ದು ತನ್ನ ತಪ್ಪು ಎಂದು ಅವಳು, ಬೈದದ್ದೂ ಗುಂಪು ಕಟ್ಟಿದ್ದೂ ನನ್ನ ತಪ್ಪು ಎಂದು ನಾನು. ನಾನೇ ಹನ್ನೊಂದು ಅಂಗಡಿಗೂ ನಡೆದುಹೋಗಿ ದೂರು ಹಿಂದಕ್ಕೆ ತೆಗೆಸಿದೆ. ಚಿತ್ರಗಾರ್ತಿಗೆ ಕ್ಷಮೆ ಕೇಳಿ, ಅಕ್ಕ ಹೇಳಿದ ಹಾಗೆ, ನೆಪ ಹೇಳದೆ ಎರಡೇ ಸಾಲು ಬರೆದೆ.

ಮೂರನೇ ದಿನ ಪುಟ ತೆರೆಯಿತು. ಬೆಕ್ಕಿನ ಚಿತ್ರ ವಾಪಸ್ ಬರಲಿಲ್ಲ, ಎಚ್ಚರಿಕೆಯೂ ಒಂದು ವರ್ಷ ಹಾಗೇ ಇರುತ್ತದಂತೆ. ನ್ಯಾಯವೇ. ಚಿತ್ರಗಾರ್ತಿ ಒಂದು ಸಾಲು ಬರೆದಿದ್ದರು: "ಬೆಕ್ಕು ನನ್ನದು, ಆದರೆ ಆ ಹೊಲಿಗೆ ಯಂತ್ರ ನಿನ್ನದೇ. ಅದು ನನ್ನ ಬೆಕ್ಕಿಗಿಂತ ಚೆನ್ನಾಗಿದೆ."

ಚುಕ್ಕಿ ಒಂದು ವಾರ ಫೋನು ಮುಟ್ಟಲಿಲ್ಲ. ಆಮೇಲೊಂದು ದಿನ ಮೇಜಿನ ಮೂಲೆಗೆ ಬಂದು ಕೂತಳು. ನಾನು ಹೊಲಿದ ಕೋಟನ್ನು ಎದುರಿಗಿಟ್ಟುಕೊಂಡು, ಯಾವ ಗೆರೆಯ ಮೇಲೂ ಗೆರೆ ಎಳೆಯದೆ, ಅದರ ಕಾಲರು ಬಿಡಿಸಿದಳು. ಒಳಗಿನ ಲೇಬಲ್ಲೂ ಬಿಡಿಸಿದಳು. ಕೆಳಗೆ ‘ಹೊಲಿಗೆ: ನಮ್ಮಪ್ಪ’ ಎಂದು ಬರೆದಳು. ನನಗೆ ಕಣ್ಣು ಮಂಜಾಯಿತು.

ನಿಮ್ಮ ಮನೆಯಲ್ಲೂ ಚಿತ್ರ ಬಿಡಿಸುವ ಮಗುವಿರಬಹುದು. ತಾಣದ ನಿಯಮಗಳನ್ನು ಒಮ್ಮೆ ಜೊತೆಯಲ್ಲಿ ಕೂತು ಓದಿ, ಅರ್ಧ ಗಂಟೆಯ ಕೆಲಸ. ಬೇರೆಯವರ ಚಿತ್ರ ಬೇಕಾದರೆ ಕೇಳಿ, ಹೆಸರು ಹಾಕಿ. ನಿಜವಾಗಿ ತಪ್ಪು ಕಂಡರೆ ಕಾರಣ ಬರೆದು ನೀವೊಬ್ಬರೇ ದೂರು ಕೊಡಿ, ಗುಂಪು ಕಟ್ಟಬೇಡಿ. ತೀರ್ಮಾನ ತಪ್ಪೆನಿಸಿದರೆ ಮರುಪರಿಶೀಲನೆ ಕೇಳಿ, ಅಲ್ಲಿ ಓದುವವರೂ ಮನುಷ್ಯರೇ. ಇನ್ನು ಕೋಪ ಬಂದರೆ? ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ. ನಾನೀಗ ಕೋಪ ಬಂದಾಗ ಮೊದಲು ಸೂಜಿಗೆ ದಾರ ಪೋಣಿಸುತ್ತೇನೆ. ಕೈ ನಡುಗುತ್ತಿದ್ದರೆ ದಾರ ಹೋಗುವುದಿಲ್ಲ. ದಾರ ಹೋಗುವ ತನಕ ಫೋನು ಮುಟ್ಟುವುದಿಲ್ಲ. ನಿಮ್ಮ ಮನೆಯಲ್ಲೂ ಒಂದು ಸೂಜಿ ಇದ್ದೇ ಇರುತ್ತದೆ.