ಎಂಬತ್ತೈದನೆಯ ಗಾಡಿ

"ಐವತ್ತೈದು," ಅಂದ ಕೌಂಟಿಯ ಇಂಜಿನಿಯರು, ಕಾಗದದಿಂದ ತಲೆ ಎತ್ತದೆ. "ಈ ರಸ್ತೆಗೆ ಗಂಟೆಗೆ ಐವತ್ತೈದು ಮೈಲಿ ವೇಗಮಿತಿ ಅಂತ ಲೆಕ್ಕ ಬಂದಿದೆ."

ಆರ್ಲಿಸ್ ಕುರ್ಚಿಯಿಂದ ಎದ್ದೇಬಿಟ್ಟಳು. "ಈಗಿರೋದೇ ನಲವತ್ತೈದು. ಮೂವತ್ತೈದಕ್ಕೆ ಇಳಿಸಿ ಅಂತ ಅಲ್ವೇನ್ರೀ ನಾನು ಅರ್ಜಿ ಕೊಟ್ಟಿದ್ದು? ಇಳಿಸಿ ಅಂದ್ರೆ ಏರಿಸ್ತೀರಾ?"

ಪಂಚಾಯ್ತಿ ಹಾಲ್‌ನಲ್ಲಿದ್ದ ಹನ್ನೊಂದು ಜನರೂ ಅವಳ ಅಕ್ಕಪಕ್ಕದ ಹೊಲದವರೇ. ಅವಳ ಮಗಳು ಜೊಲೀನ್ ಎಲ್ಲರಿಗೂ ಗೊತ್ತು: ವಯಸ್ಸು ಮೂವತ್ತಾರು, ಬುದ್ಧಿ ಐದು ವರ್ಷದ್ದು. ಟಪಾಲು ಗಾಡಿ ರಸ್ತೆಯ ಆಚೆ ಬದಿಗೆ ಮಾತ್ರ ಬರುತ್ತದೆ, ಮನೆಯ ಟಪಾಲು ಪೆಟ್ಟಿಗೆಯೂ ಆಚೆಗೇ. ದಿನಾ ಹನ್ನೊಂದಕ್ಕೆ ರಸ್ತೆ ದಾಟಿ ಕಾಗದ ತರುವುದು ಜೊಲೀನಳ ಕೆಲಸ. ಮೂವತ್ತು ವರ್ಷದಿಂದ ಅದೊಂದೇ ಅವಳ ಕೆಲಸ. ಬಾಗಿಲಿಗೆ ಬೀಗ ಹಾಕಿ ನೋಡಿದ್ದರು. ಹಣೆ ಒಡೆದು ರಕ್ತ ಸೋರುವವರೆಗೂ ಬಾಗಿಲಿಗೆ ತಲೆ ಚಚ್ಚಿಕೊಂಡಿದ್ದಳು. ಜೂನ್‌ನಲ್ಲಿ ಮನೆ ಪಕ್ಕದ ದಿಬ್ಬ ಹತ್ತಿ ಬಂದ ಗಾಡಿಯೊಂದರಿಂದ ಅವಳನ್ನು ಎಳೆದುಕೊಳ್ಳಲು ಓಡಿದ ಅಪ್ಪ ವರ್ಲಿನ್ ಸೊಂಟ ಮುರಿದುಕೊಂಡು ಗಾಲಿಕುರ್ಚಿ ಹಿಡಿದ. ಇನ್ನು ಓಡುವವರು ಯಾರು?

"ನೋಡಿ ಮೇಡಂ, ನಂಬರು ನಾವು ಮನಸ್ಸಿಗೆ ಬಂದ ಹಾಗೆ ಬರೆಯಲ್ಲ," ಅಂದ ಇಂಜಿನಿಯರು. ಕೆಟ್ಟವನೇನಲ್ಲ ಪಾಪ, ನಿಯಮ ಬಾಯಿಪಾಠ ಮಾಡಿಕೊಂಡವನು. "ರಸ್ತೆಗಡ್ಡ ರಬ್ಬರ್ ಕೊಳವೆ ಹಾಕಿ ಎಣಿಸ್ತೀವಿ. ನೂರು ಗಾಡೀಲಿ ಎಂಬತ್ತೈದು ಗಾಡಿ ಯಾವ ವೇಗದೊಳಗೆ ಹೋಗ್ತವೋ ಅದೇ ಆ ರಸ್ತೆಗೆ ಸರಿಯಾದ ವೇಗ."

"ಚೆನ್ನಾಗಿದೆ! ಕಳ್ಳರನ್ನ ಕೇಳಿ ಕಾನೂನು ಮಾಡಿದ ಹಾಗಾಯ್ತು," ಅಂತ ಗುಡುಗಿದ ಪಂಚಾಯ್ತಿ ಅಧ್ಯಕ್ಷ ಆರಿನ್. "ಯಾವಾಗಪ್ಪಾ ಎಣಿಸಿದ್ದು?"

"ಅಕ್ಟೋಬರ್ ಎಂಟು, ಒಂಬತ್ತು."

ಹಾಲ್‌ನಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಒಬ್ಬ ರೈತ ಹಾಸಿಗೆ ಹಿಡಿದರೆ ಉಳಿದವರು ತಮ್ಮ ಹೊಲ ಬಿಟ್ಟು ಅವನ ಹೊಲ ಕೊಯ್ದು ಕೊಡುವುದು ಆ ಸೀಮೆಯಲ್ಲಿ ಅಜ್ಜನ ಕಾಲದಿಂದ ಬಂದದ್ದು. ಕರೆಯುವುದೂ ಬೇಡ, ಥ್ಯಾಂಕ್ಸೂ ಬೇಡ. ಆ ಎರಡು ದಿನ ವರ್ಲಿನನ ಮುನ್ನೂರು ಎಕರೆ ಸೋಯಾ ಬೆಳೆಗೆ ಆರು ಕೊಯ್ಲು ಯಂತ್ರ, ಒಂಬತ್ತು ಲಾರಿ ಬಂದು ಬಿದ್ದಿದ್ದವು. ಪಶ್ಚಿಮದಲ್ಲಿ ಮೋಡ ಕಟ್ಟಿತ್ತು. ಪೇಟೆಯ ಗೋದಾಮಿಗೆ ಕಾಳು ಸುರಿದ ಖಾಲಿ ಲಾರಿಗಳು ದಿಬ್ಬ ಇಳಿದು ಹಾರಿಕೊಂಡು ಬರುತ್ತಿದ್ದವು. ಅಡುಗೆಮನೆ ಕಿಟಕಿಯಲ್ಲಿ ನಿಂತು ಆರ್ಲಿಸ್ ಕಣ್ಣೀರು ಒರೆಸಿಕೊಂಡಿದ್ದಳು, ಇಂಥ ಜನ ಎಲ್ಲಿ ಸಿಗ್ತಾರೆ ಅಂತ.

"ಟೈರಿನಡಿ ಏನೋ ಟಪ್ ಅಂತಿತ್ತು," ಅಂದ ಆರಿನ್ ಸಣ್ಣ ದನಿಯಲ್ಲಿ. "ಪ್ರತೀ ಸಲವೂ ಟಪ್ ಅಂತಿತ್ತು ಕಣ್ರೋ."

"ಒಂದು ಕಾರಂತೂ ನೋಡಿ," ಇಂಜಿನಿಯರು ಬೆರಳಿಟ್ಟು ತೋರಿಸಿದ. "ಎಂಟನೇ ತಾರೀಕು, ಹನ್ನೊಂದು ನಲವತ್ತಕ್ಕೆ, ಅರವತ್ತನಾಲ್ಕು ಮೈಲಿ. ಎಲ್ಲಕ್ಕಿಂತ ಜಾಸ್ತಿ ಅದೇ."

ಆರ್ಲಿಸ್‌ಗೆ ಆ ಹೊತ್ತು ನೆನಪಾಯಿತು. ಇಪ್ಪತ್ತು ಜನ ಅಂದುಕೊಂಡಿದ್ದಳು, ಮೂವತ್ತೊಂದು ಜನ ಊಟಕ್ಕೆ ಬರುವವರಿದ್ದರು. ಬನ್ ಸಾಲದೆ ಪೇಟೆಗೆ ಓಡಿದ್ದಳು.

"ಅದು ನಾನು," ಅಂದಳು. "ದೇವರಾಣೆ, ಬನ್ ತರೋಕೆ ಹೋಗಿದ್ದೆ. ಅದನ್ನ ತೆಗೆದುಹಾಕಿ ಸ್ವಾಮಿ."

"ನನ್ನದೂ ತೆಗೀರಿ," ಎದ್ದ ಆರಿನ್. "ಇಪ್ಪತ್ತು ಸಲ ಓಡಾಡಿದೀನಿ." ಹಿಂದಿನಿಂದ ಇನ್ನೊಬ್ಬ, "ನನ್ನದೂ" ಅಂದ.

"ಯಾರ ಗಾಡಿ, ಯಾಕೆ ಹೋಯ್ತು ಅಂತ ಕೊಳವೆಗೆ ಗೊತ್ತಾಗಲ್ಲ ಸರ್. ಕೊಯ್ಲಿನ ಗಾಡೀನೂ ಗಾಡೀನೇ. ಮತ್ತೆ ಎಣಿಸೋದು ಐದು ವರ್ಷದ ಮೇಲೆ."

"ಹಾಗಾದ್ರೆ ಅರ್ಜಿ ವಾಪಸ್ ಕೊಡಿ," ಅಂದಳು ಆರ್ಲಿಸ್. "ನಲವತ್ತೈದೇ ಇರ್ಲಿ."

"ಎಣಿಕೆ ಆದಮೇಲೆ ಆಗಲ್ಲ ಮೇಡಂ."

"ಐದು ವರ್ಷ ಆ ಹುಡುಗೀನ ಏನು ಮಾಡ್ಲಿ? ಕಂಬಕ್ಕೆ ಕಟ್ಟಿ ಹಾಕ್ಲಾ? ನೀವೇ ಹೇಳಿ, ಏನು ಮಾಡ್ಲಿ?"

ಆರಿನನ ಹೆಂಡತಿ ಒಂದು ಲೋಟ ಕಾಫಿ ತಂದು ಆರ್ಲಿಸ್ ಮುಂದಿಟ್ಟಳು. ಅವಳು ಮುಟ್ಟಲಿಲ್ಲ.

ಗುರುವಾರ ಐವತ್ತೈದರ ಹೊಸ ಬೋರ್ಡು ನೆಟ್ಟರು. ಶುಕ್ರವಾರ ಹನ್ನೊಂದಕ್ಕೆ ಜೊಲೀನ್ ಕೋಟು ಹಾಕಿಕೊಂಡು ಹೊರಟಾಗ ಆರ್ಲಿಸ್ ಅವಳಿಗಿಂತ ಮುಂದೆ ಹೋಗಿ, ರಸ್ತೆಯ ನಟ್ಟನಡುವೆ, ದಿಬ್ಬಕ್ಕೆ ಮುಖ ಮಾಡಿ, ಎರಡೂ ಕೈ ಚಾಚಿ ನಿಂತಳು. ಗಾಳಿ ಕೊರೆಯುತ್ತಿತ್ತು. ದಿಬ್ಬದಾಚೆ ಲಾರಿಯ ಸದ್ದು ಕೇಳಿಸಿತು. ಅವಳು ಕದಲಲಿಲ್ಲ. ಲಾರಿ ನೆತ್ತಿಗೆ ಬಂತು, ಬ್ರೇಕು ಕಿರುಚಿತು, ಜಾರಿ ಜಾರಿ ಹತ್ತು ಅಡಿ ದೂರದಲ್ಲಿ ನಿಂತಿತು.

ಆರಿನ್ ಕಿಟಕಿಯಿಂದ ತಲೆ ಹೊರಹಾಕಿದ. ಮುಖ ಸುಣ್ಣವಾಗಿತ್ತು. "ಆರ್ಲಿಸ್! ಸಾಯೋಕೆ ನಿಂತಿದೀಯೇನೇ?"

ಅವಳು ಕೈ ಇಳಿಸಲಿಲ್ಲ. ಅವನು ಇಂಜಿನ್ ಆರಿಸಿದ.

ಆಚೆ ಬದಿಯಲ್ಲಿ ಜೊಲೀನ್ ಪೆಟ್ಟಿಗೆಯಿಂದ ಒಂದೊಂದೇ ಕಾಗದ ತೆಗೆದು, ಹಿಂದೆ ಮುಂದೆ ತಿರುಗಿಸಿ ನೋಡಿ, ಜೋಡಿಸಿಕೊಳ್ಳುತ್ತಿದ್ದಳು.